ಊರೇ ಹಾರಿಹೋದ ಮೇಲೆ

2007ರ ಮೇ 4, ಶುಕ್ರವಾರ ರಾತ್ರಿ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಗ್ರೀನ್ಸ್‌ಬರ್ಗ್ ಅನ್ನೋ ಸಣ್ಣ ಊರಲ್ಲಿ ಸೈರನ್ ಕೂಗಿತು. ಜನ ನೆಲಮಾಳಿಗೆ ಸೇರಿಕೊಂಡರು. ಆ ಸೀಮೆಯವರಿಗೆ ಸುಂಟರಗಾಳಿ ಹೊಸದಲ್ಲ. ನಮ್ಮ ಮಲೆನಾಡಿನವರಿಗೆ ಮಳೆ ಹೇಗೋ ಅವರಿಗೆ ಗಾಳಿ ಹಾಗೆ. ಸುಮಾರು ಇಪ್ಪತ್ತು ನಿಮಿಷ ಕಳೆದ ಮೇಲೆ, ಒಂಬತ್ತೂ ಮುಕ್ಕಾಲರ ಆಸುಪಾಸಿನಲ್ಲಿ, ಗಾಳಿ ಬಂತು. ಅದರ ಅಗಲ 1.7 ಮೈಲಿ, ಅಂದರೆ ಸುಮಾರು 2.7 ಕಿಲೋಮೀಟರ್. ಊರಿಗಿಂತ ಗಾಳಿಯೇ ಅಗಲ. ವೇಗ ಗಂಟೆಗೆ ಸುಮಾರು 330 ಕಿಲೋಮೀಟರ್ ಅಂತ ಅಂದಾಜು. ಜನ ಮೇಲೆ ಹತ್ತಿ ಬಂದು ನೋಡಿದಾಗ ಊರಿನ ನೂರಕ್ಕೆ ತೊಂಬತ್ತೈದು ಭಾಗ ನೆಲಸಮ. ಹತ್ತಕ್ಕೂ ಹೆಚ್ಚು ಜನ ಸತ್ತಿದ್ದರು.

ಸುಂಟರಗಾಳಿಗಳನ್ನು ಅಳೆಯೋದಕ್ಕೆ ಅಮೆರಿಕದವರು ಅದೇ ವರ್ಷದ ಫೆಬ್ರವರಿಯಲ್ಲಿ ಹೊಸ ಮಾಪನವೊಂದನ್ನು ಜಾರಿಗೆ ತಂದಿದ್ದರು. ಇಎಫ್ ಸ್ಕೇಲ್ ಅಂತಾರೆ. ಸೊನ್ನೆಯಿಂದ ಐದರವರೆಗೆ. ಹೊಸ ಮಾಪನದಲ್ಲಿ ಐದಕ್ಕೆ ಐದು ಪಡೆದ ಮೊದಲ ಸುಂಟರಗಾಳಿ ಇದೇ.

ಗಾಳಿಯ ಕಥೆ ಇಷ್ಟೇ. ಯೂಟ್ಯೂಬಿನಲ್ಲಿ ಇದರ ವಿಡಿಯೋಗಳು ಬೇಕಾದಷ್ಟಿವೆ, ನೋಡ್ಕೊಳ್ಳಿ. ನನ್ನ ಕುತೂಹಲ ಇರೋದು ಮಾರನೇ ಬೆಳಗಿನ ಬಗ್ಗೆ. ಊರೇ ಇಲ್ಲದ ಊರಿಗೆ ಆಡಳಿತ ನಡೆಸೋದು ಹೇಗೆ?

ಪುರಸಭೆಯ ಕಚೇರಿ ಇಲ್ಲ. ಅಗ್ನಿಶಾಮಕ ಠಾಣೆ ಇಲ್ಲ. ಆಸ್ಪತ್ರೆ, ಶಾಲೆ ಎರಡೂ ಇಲ್ಲ. ನೀರಿನ ಟ್ಯಾಂಕು ಮಗುಚಿ ಬಿದ್ದಿದೆ. ನೆಟ್ಟಗೆ ನಿಂತಿರೋದರಲ್ಲಿ ಎದ್ದು ಕಾಣೋದು ಎರಡು: ಜಿಲ್ಲಾ ನ್ಯಾಯಾಲಯದ ಹಳೇ ಕಟ್ಟಡ ಮತ್ತು ಗೋಧಿ ತುಂಬಿಡುವ ಎತ್ತರದ ಕಾಂಕ್ರೀಟ್ ಉಗ್ರಾಣ. ನಿರ್ಧಾರ ತಗೊಳ್ಳಬೇಕಾದವರ ಮನೆಗಳೂ ಹೋಗಿವೆ. ಊರಿನ ಸಿಟಿ ಅಡ್ಮಿನಿಸ್ಟ್ರೇಟರ್ ಸ್ಟೀವ್ ಹೆವಿಟ್ ಅವರ ಮನೆಯೂ ಉಳಿದಿರಲಿಲ್ಲ. ಈ ಹುದ್ದೆ ಸುಮಾರಾಗಿ ನಮ್ಮ ಪುರಸಭೆಯ ಚೀಫ್ ಆಫೀಸರ್ ಇದ್ದ ಹಾಗೆ. ವ್ಯತ್ಯಾಸ ಏನಂದ್ರೆ, ಇವರನ್ನು ರಾಜ್ಯ ಸರ್ಕಾರ ವರ್ಗಾವಣೆ ಮಾಡಿ ಕಳಿಸೋದಿಲ್ಲ, ಊರಿನ ಕೌನ್ಸಿಲ್ಲೇ ನೇಮಿಸಿಕೊಳ್ಳುತ್ತೆ.

ಊರು ಎಷ್ಟು ಸಣ್ಣದು ಅಂತ ಹೇಳಲೇಬೇಕು. 2000ದ ಜನಗಣತಿಯ ಪ್ರಕಾರ ಅಲ್ಲಿದ್ದವರು 1,574 ಜನ. ನಮ್ಮ ಕರ್ನಾಟಕದಲ್ಲಿ ಸಾಮಾನ್ಯವಾಗಿ ಐದರಿಂದ ಏಳು ಸಾವಿರ ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯತಿ. ಆ ಲೆಕ್ಕದಲ್ಲಿ ಗ್ರೀನ್ಸ್‌ಬರ್ಗ್‌ಗೆ ತನ್ನದೇ ಪಂಚಾಯತಿ ಸಿಗೋದೂ ಕಷ್ಟ. ಅಪಾರ್ಟ್‌ಮೆಂಟಿನಲ್ಲಿ ಇರೋರು ಹೀಗೆ ಲೆಕ್ಕ ಹಾಕಿ: ಬೆಂಗಳೂರಿನ ದೊಡ್ಡ ಸೊಸೈಟಿಯೊಂದರಲ್ಲಿ ಇದಕ್ಕಿಂತ ಹೆಚ್ಚು ಜನ ಇರ್ತಾರೆ. ಆದರೂ ಇದಕ್ಕೆ ಮೇಯರ್ ಇದ್ದರು, ಕೌನ್ಸಿಲ್ ಇತ್ತು, ಕರೆಂಟು ಹಂಚೋ ಕೆಲಸವನ್ನೂ ಊರಿನ ಆಡಳಿತವೇ ನೋಡ್ಕೊಳ್ತಿತ್ತು.

ಇಂಥ ಆಡಳಿತಕ್ಕೆ ದೊಡ್ಡ ಏಟು ಬಿದ್ದಾಗ ಮೊದಲು ಬರೋ ಯೋಚನೆ ಖರ್ಚು ಕಮ್ಮಿ ಮಾಡೋದು. ಯಾಕಂದ್ರೆ ಆದಾಯದ ಮೂಲವೇ ಹೋಗಿರುತ್ತೆ. ಮನೆ ಇದ್ದರೆ ತಾನೇ ಮನೆ ಕಂದಾಯ? ಅಂಗಡಿ ಇದ್ದರೆ ತಾನೇ ಮಾರಾಟ ತೆರಿಗೆ? ಮೀಟರ್ ತಿರುಗಿದರೆ ತಾನೇ ಕರೆಂಟ್ ಬಿಲ್? ಗ್ರೀನ್ಸ್‌ಬರ್ಗ್‌ನ ಕೌನ್ಸಿಲ್ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡಿತು. ಹೆವಿಟ್ ಕಚೇರಿಯ ಸಿಬ್ಬಂದಿಯನ್ನು ಇಪ್ಪತ್ತರಿಂದ ಮೂವತ್ತೈದಕ್ಕೆ ಏರಿಸಿದರು. ಪೂರ್ಣಾವಧಿಯ ಅಗ್ನಿಶಾಮಕ ದಳ, ಯೋಜನಾ ವಿಭಾಗ, ಸಮುದಾಯ ಅಭಿವೃದ್ಧಿ ವಿಭಾಗ ಬಂದವು. ಜನ ಟ್ರೇಲರುಗಳಲ್ಲಿ ಮಲಗುತ್ತಿದ್ದ ಊರಲ್ಲಿ ಹೊಸ ಇಲಾಖೆಗಳು!

ನಾನು ಕೆಲಸ ಮಾಡೋ ಜಗತ್ತಿನಲ್ಲಿ ಡಿಸಾಸ್ಟರ್ ರಿಕವರಿ ಅಂದರೆ ಬ್ಯಾಕಪ್ ಇಟ್ಟುಕೊಂಡಿರೋದು, ಸರ್ವರ್ ಹೋದರೆ ಇನ್ನೊಂದು ಕಡೆ ಅದನ್ನು ರಿಸ್ಟೋರ್ ಮಾಡೋದು. ಎಷ್ಟು ನಿಮಿಷದಲ್ಲಿ ಎದ್ದು ನಿಲ್ಲಬೇಕು ಅನ್ನೋ ಲೆಕ್ಕ ಕೂಡ ಮೊದಲೇ ಬರೆದಿಟ್ಟಿರುತ್ತೆ. ಅಲ್ಲೊಂದು ಸತ್ಯ ಎಲ್ಲರಿಗೂ ಗೊತ್ತಿದೆ, ಯಾರೂ ಜೋರಾಗಿ ಹೇಳಲ್ಲ: ರಿಸ್ಟೋರ್ ಮಾಡೋಕೆ ಜನ ಬೇಕು, ಅದೂ ಮಾಮೂಲಿ ದಿನಗಳಿಗಿಂತ ಹೆಚ್ಚು ಜನ ಬೇಕು. ಫಾರ್ಮು ತುಂಬೋರು ಬೇಕು, ಫೋನ್ ಎತ್ತೋರು ಬೇಕು. ಅಮೆರಿಕದ ಕೇಂದ್ರ ಸರ್ಕಾರದ ವಿಪತ್ತು ಸಂಸ್ಥೆ ಫೆಮಾ ಸಾರ್ವಜನಿಕ ಆಸ್ತಿ ಹಾಳಾದಾಗ ಅರ್ಹ ಖರ್ಚಿನ ಕನಿಷ್ಠ 75 ಪರ್ಸೆಂಟ್ ಕೊಡುತ್ತೆ. ಆದರೆ ಆ ದುಡ್ಡು ತಾನಾಗಿ ನಡ್ಕೊಂಡು ಬರಲ್ಲ. ಯಾವುದು ಹಾಳಾಯ್ತು, ಎಷ್ಟು ಹಾಳಾಯ್ತು, ಮತ್ತೆ ಕಟ್ಟೋಕೆ ಎಷ್ಟು ಬೇಕು ಅಂತ ಒಂದೊಂದಕ್ಕೂ ಕಾಗದ ಬೇಕು. ಸಹಾಯ ಪಡೆಯೋಕೂ ಒಂದು ಸಾಮರ್ಥ್ಯ ಬೇಕು. ಕೌನ್ಸಿಲ್ ಕಟ್ಟಿಕೊಂಡಿದ್ದು ಆ ಸಾಮರ್ಥ್ಯವನ್ನು.

ಅವರು ಮಾಡಿದ ಎರಡನೇ ಕೆಲಸ ಮಾತಾಡಿದ್ದು. ಸಭೆ ಸೇರೋಕೆ ಸೂರಿಲ್ಲ ಅಂತ ದೊಡ್ಡ ಟೆಂಟು ಹಾಕಿದರು. ಊರಿನವರೆಲ್ಲ ಅದರ ಕೆಳಗೆ ಕೂತು ಮುಂದೇನು ಅಂತ ಚರ್ಚೆ ಮಾಡಿದರು. ಜನ ಆಗಲೇ ಚೆದುರಿ ಹೋಗಿದ್ದರು. ಕೆಲವರು ಊರಾಚೆ ಸಾಲಾಗಿ ನಿಲ್ಲಿಸಿದ ಫೆಮಾ ಟ್ರೇಲರುಗಳಲ್ಲಿ, ಕೆಲವರು ಪಕ್ಕದ ಊರುಗಳಲ್ಲಿ, ಕೆಲವರು ಮಕ್ಕಳ ಮನೆಗಳಲ್ಲಿ. ಹಾಗಾಗಿ ಮಾಹಿತಿ ಫಲಕಗಳಲ್ಲಿ, ಇಂಟರ್‌ನೆಟ್ಟಿನಲ್ಲಿ, ಮತ್ತೆ ಮತ್ತೆ ಹೇಳಿದ್ದನ್ನೇ ಹೇಳಿದರು: ಸಭೆ ಯಾವತ್ತು, ಕಸ ಎಲ್ಲಿಗೆ ಹಾಕಬೇಕು, ಯಾವ ಕೆಲಸ ಎಲ್ಲಿಗೆ ಬಂತು. ಕೇಳೋಕೆ ಸಣ್ಣ ಕೆಲಸ. ಆದರೆ ಊರು ಬಿಟ್ಟು ಅಣ್ಣನ ಮನೆಯಲ್ಲೋ ಮಗಳ ಮನೆಯಲ್ಲೋ ಕೂತವರು ವಾಪಸ್ ಬರಬೇಕೋ ಬೇಡವೋ ಅಂತ ತೀರ್ಮಾನ ಮಾಡೋದು ಇಂಥ ಸುದ್ದಿಗಳ ಮೇಲೇ. ಸುದ್ದಿ ಬರದೇ ಹೋದರೆ ಮನಸ್ಸು ತಾನಾಗೇ ಬೇರೆ ಕಡೆ ಬೇರು ಬಿಡುತ್ತೆ.

ಶಾಲೆಯವರೂ ಹಾಗೇ ಮಾಡಿದರು. ಕಟ್ಟಡ ಇರಲಿ ಇಲ್ಲದಿರಲಿ, ಆಗಸ್ಟಿನಲ್ಲಿ ಶಾಲೆ ಊರಲ್ಲೇ ಶುರುವಾಗುತ್ತೆ ಅಂತ ಸೂಪರಿಂಟೆಂಡೆಂಟ್ ಡಾರಿನ್ ಹೆಡ್ರಿಕ್ ಗಟ್ಟಿಯಾಗಿ ಹೇಳಿದರು. ಶುರುವೂ ಆಯಿತು, ಟ್ರೇಲರುಗಳಲ್ಲಿ. ಹೊಸ ಕಟ್ಟಡ ತೆರೆದದ್ದು 2010ರಲ್ಲಿ. ಮೂರು ವರ್ಷ ಮಕ್ಕಳು ತಗಡಿನ ಡಬ್ಬಿಯಂಥ ಕೋಣೆಗಳಲ್ಲಿ ಪಾಠ ಕೇಳಿದರು. ಶಾಲೆ ಮುಚ್ಚಿದ ಊರಿಗೆ ಮಕ್ಕಳಿರೋ ಸಂಸಾರ ವಾಪಸ್ ಬರಲ್ಲ ಅನ್ನೋದು ಹಳ್ಳಿಯಲ್ಲಿ ಬೆಳೆದ ಯಾರಿಗಾದರೂ ಗೊತ್ತಿರೋ ವಿಷಯ.

ಇನ್ನು ಮೂರನೇ ಕೆಲಸ. ಗ್ರೀನ್ಸ್‌ಬರ್ಗ್ ಹೆಸರು ಜಗತ್ತಿಗೆ ಗೊತ್ತಾಗಿದ್ದೇ ಇದರಿಂದ. ಆಗಿನ ಮೇಯರ್ ಲೋನಿ ಮೆಕಾಲಮ್ ಮೊದಲ ಕೆಲವು ದಿನಗಳಲ್ಲೇ ಒಂದು ಮಾತು ಎತ್ತಿದರು: ಹೇಗೂ ಪೂರ್ತಿ ಕಟ್ಟಬೇಕು, ಪರಿಸರಕ್ಕೆ ಹೊಂದುವ ಹಾಗೆ, ಕರೆಂಟು ನೀರು ಉಳಿಸುವ ಹಾಗೆ ಕಟ್ಟೋಣ. ರಾಜ್ಯಪಾಲೆ ಕ್ಯಾಥ್ಲೀನ್ ಸೆಬೀಲಿಯಸ್ ಬೆಂಬಲಕ್ಕೆ ನಿಂತರು. (ಅಲ್ಲಿ ರಾಜ್ಯಪಾಲರೆಂದರೆ ಚುನಾಯಿತರು, ನಮ್ಮ ಮುಖ್ಯಮಂತ್ರಿಗಳಂತೆ.) ಕೆಲವೇ ವಾರಗಳಲ್ಲಿ ಮೆಕಾಲಮ್ ರಾಜೀನಾಮೆ ಕೊಟ್ಟರು. ಆ ಜಾಗಕ್ಕೆ ಜಾನ್ ಜಾನ್ಸನ್ ಬಂದರು, 2008ರಲ್ಲಿ ಊರಿನ ನಿವೃತ್ತ ಪೋಸ್ಟ್ ಮಾಸ್ಟರ್ ಬಾಬ್ ಡಿಕ್ಸನ್ ಚುನಾಯಿತರಾದರು. ಒಂದು ವರ್ಷದಲ್ಲಿ ಮೂವರು ಮೇಯರುಗಳು. ಆದರೂ ಯೋಜನೆ ಕೈಬಿಡಲಿಲ್ಲ. ನನಗೆ ಇಡೀ ಕಥೆಯಲ್ಲಿ ಹೆಚ್ಚು ಅಚ್ಚರಿ ತಂದಿದ್ದು ಇದೇ. ಒಬ್ಬರ ತಲೆಯಲ್ಲಿ ಹುಟ್ಟಿದ್ದು ಅವರು ಹೋದ ಮೇಲೂ ಉಳಿಯಬೇಕಾದರೆ ಅದು ಅಷ್ಟರಲ್ಲಿ ಊರಿನದಾಗಿರಬೇಕು, ಇಲ್ಲವೇ ಕಾಗದದ ಮೇಲೆ ಕಾನೂನಾಗಿರಬೇಕು. ಇಲ್ಲಿ ಎರಡೂ ಆಯಿತು.

ಸುಲಭವಾಗೇನೂ ಆಗಲಿಲ್ಲ. ಕ್ಯಾನ್ಸಸ್ಸಿನ ಆ ಭಾಗ ರಾಜಕೀಯವಾಗಿ ಸಂಪ್ರದಾಯವಾದಿ ಸೀಮೆ. ‘ಗ್ರೀನ್’ ಅನ್ನೋ ಮಾತು ಕೇಳಿದರೆ ಇದು ಪೇಟೆಯ ಹಿಪ್ಪಿಗಳ ಹುಚ್ಚು ಅನ್ನೋ ಅನುಮಾನ. ಡಿಕ್ಸನ್ ಅದಕ್ಕೆ ಕೊಡುತ್ತಿದ್ದ ಉತ್ತರ ಊರಿನ ಭಾಷೆಯಲ್ಲೇ ಇತ್ತು. ನಮ್ಮ ಅಜ್ಜ ಮುತ್ತಜ್ಜಂದಿರು ಈ ಬಯಲಿಗೆ ಬಂದಾಗ ಮರವಿಲ್ಲದೆ ಹುಲ್ಲುಮಣ್ಣಿನ ಹೆಂಟೆಯಿಂದ ಮನೆ ಕಟ್ಟಿಕೊಂಡರು, ಗಾಳಿಯಂತ್ರದಿಂದ ನೀರೆತ್ತಿದರು, ಏನನ್ನೂ ದಂಡ ಮಾಡಲಿಲ್ಲ. ಇದು ಹೊರಗಿನವರ ಫ್ಯಾಷನ್ ಅಲ್ಲ, ನಮ್ಮದೇ ಹಳೇ ಬುದ್ಧಿ ಅನ್ನೋದು ಅವರ ವಾದದ ಸಾರ. ಅಂದಹಾಗೆ, ಊರಿನ ಹೆಸರಲ್ಲಿರೋ ‘ಗ್ರೀನ್’ ಬಣ್ಣವಲ್ಲ. ಅದು ಡಿ. ಆರ್. ಗ್ರೀನ್ ಅನ್ನೋ ಮನುಷ್ಯನ ಹೆಸರು. ಕುದುರೆಗಾಡಿಗಳ ಸಾರಿಗೆ ನಡೆಸುತ್ತಿದ್ದವನು, ಅಡ್ಡಹೆಸರು ‘ಕ್ಯಾನನ್‌ಬಾಲ್’.

2007ರ ಡಿಸೆಂಬರಿನಲ್ಲಿ ಕೌನ್ಸಿಲ್ ನಿರ್ಣಯ ಪಾಸು ಮಾಡಿತು: ಊರಾಡಳಿತ ಕಟ್ಟುವ 4,000 ಚದರ ಅಡಿಗಿಂತ ದೊಡ್ಡ ಕಟ್ಟಡಗಳೆಲ್ಲ ಲೀಡ್ ಪ್ಲಾಟಿನಮ್ ಮಟ್ಟದಲ್ಲಿರಬೇಕು. ಇದು ಅಮೆರಿಕದಲ್ಲಿ ಹಸಿರು ಕಟ್ಟಡಗಳಿಗೆ ಕೊಡೋ ಅತ್ಯುನ್ನತ ದರ್ಜೆ. ನಾಲ್ಕು ಸಾವಿರ ಚದರ ಅಡಿ ಅಂದರೆ ನಮ್ಮ ಥರ್ಟಿ-ಫಾರ್ಟಿ ಸೈಟು ಮೂರಕ್ಕಿಂತ ಸ್ವಲ್ಪ ಜಾಸ್ತಿ. ಇಂಥ ನಿಯಮ ಮಾಡಿದ ಅಮೆರಿಕದ ಮೊದಲ ಊರು ಗ್ರೀನ್ಸ್‌ಬರ್ಗ್. ನ್ಯೂಯಾರ್ಕ್ ಅಲ್ಲ, ಸ್ಯಾನ್‌ಫ್ರಾನ್ಸಿಸ್ಕೋ ಅಲ್ಲ, ಟೆಂಟಿನಲ್ಲಿ ಸಭೆ ಸೇರಿದ್ದ ಒಂದು ಊರು. ಇನ್ನೊಂದು ಜಾಣತನ ಗಮನಿಸಿ. ನಿಯಮ ಹೇರಿಕೊಂಡಿದ್ದು ಆಡಳಿತ ತನ್ನ ಮೇಲೆ, ಜನರ ಮನೆಗಳ ಮೇಲಲ್ಲ. ಮನೆ ಕಳೆದುಕೊಂಡು ಇನ್ಶೂರೆನ್ಸ್ ದುಡ್ಡಿಗೆ ಕಾಯುತ್ತಿರೋನಿಗೆ ಹೋಗಿ ಗೋಡೆ ಹೀಗೇ ಕಟ್ಟು ಅಂದಿದ್ದರೆ ಅವನು ಪಕ್ಕದ ಊರಿನ ದಾರಿ ಹಿಡೀತಿದ್ದ.

ಬ್ಯಾಕಪ್ಪಿನ ಮಾತಿಗೆ ಮತ್ತೆ ಬರ್ತೀನಿ. ಹಳೇ ಬ್ಯಾಕಪ್ ಹಾಗೇ ರಿಸ್ಟೋರ್ ಮಾಡಿದರೆ ಹಳೇ ಬಗ್ಗುಗಳೂ ಜೊತೆಗೇ ವಾಪಸ್ ಬರುತ್ತವೆ. ಗ್ರೀನ್ಸ್‌ಬರ್ಗ್‌ನ ಹಳೇ ಬಗ್ಗು ಗಾಳಿಯಲ್ಲ, ಜನ ಊರು ಬಿಡೋದು. 1960ರಲ್ಲಿ ಅಲ್ಲಿ ಹತ್ತಿರ ಹತ್ತಿರ ಎರಡು ಸಾವಿರ ಜನ ಇದ್ದರು. 1990ರಲ್ಲಿ 1,792. 2000ದಲ್ಲಿ 1,574. ಯಂತ್ರಗಳು ಬಂದು ಹೊಲದಲ್ಲಿ ಕೈಗಳ ಕೆಲಸ ಕಮ್ಮಿಯಾಯಿತು, ಓದಿದ ಮಕ್ಕಳು ಪಟ್ಟಣಕ್ಕೆ ಹೋದರು, ಊರಲ್ಲಿ ವಯಸ್ಸಾದವರು ಉಳಿದರು. ಈ ಅಂಕಿಗಳನ್ನು ಓದುವಾಗ ನನಗೆ ಯಾವ ವಿವರಣೆಯೂ ಬೇಕಾಗಲಿಲ್ಲ. ಬಿಇ ಮುಗಿಸಿ ಊರು ಬಿಟ್ಟ ನನ್ನಂಥವರೇ ಪ್ರತೀ ಜನಗಣತಿಯಲ್ಲೂ ಕಮ್ಮಿಯಾಗೋ ಆ ಅಂಕಿ. ನಮ್ಮ ಹಳ್ಳಿಗಳಲ್ಲೂ, ಕ್ಯಾನ್ಸಸ್ಸಿನಲ್ಲೂ.

ಹಾಗಾಗಿ ಕೌನ್ಸಿಲ್ ಎದುರು ಇದ್ದ ನಿಜವಾದ ಪ್ರಶ್ನೆ ಯಾವ ಥರದ ಕಿಟಕಿ ಹಾಕಿಸೋಣ ಅನ್ನೋದಲ್ಲ. ಗಾಳಿ ಬರುವ ಮೊದಲೇ ನಿಧಾನವಾಗಿ ಖಾಲಿಯಾಗುತ್ತಿದ್ದ ಊರನ್ನು ಯಾಕೆ ಮತ್ತೆ ಕಟ್ಟಬೇಕು ಅನ್ನೋದು. ಹಳೇ ಊರನ್ನೇ ಇಟ್ಟಿಗೆಗೆ ಇಟ್ಟಿಗೆ ಜೋಡಿಸಿದರೆ ಅದು ಮೊದಲಿನ ಹಾಗೇ ಖಾಲಿಯಾಗುತ್ತೆ. ಊರಿಗೆ ಒಂದು ಹೊಸ ಕಾರಣ ಬೇಕಿತ್ತು, ಹೊರಗಿನವರು ತಿರುಗಿ ನೋಡೋಕೆ ಒಂದು ನೆಪ ಬೇಕಿತ್ತು. ಹಸಿರು ಅನ್ನೋದು ಅವರಿಗೆ ಸಿಕ್ಕಿದ್ದು ಆ ಜಾಗದಲ್ಲಿ.

ಆಮೇಲಿನ ಮೂರ್ನಾಲ್ಕು ವರ್ಷದಲ್ಲಿ ಆದ ಕೆಲಸ ದೊಡ್ಡದೇ. ಕ್ಯಾನ್ಸಸ್ ಸಿಟಿಯ ಬಿಎನ್ಐಎಂ ಅನ್ನೋ ವಾಸ್ತುಶಿಲ್ಪ ಸಂಸ್ಥೆ ಊರಿನ ಮಾಸ್ಟರ್ ಪ್ಲಾನ್ ಮಾಡಿತು. ಪುರಸಭೆಯ ಹೊಸ ಕಚೇರಿಗೆ ಹಳೇ ಇಟ್ಟಿಗೆ, ಹಳೇ ಮರ ಮತ್ತೆ ಬಳಸಿದರು, ಮಾಡಿಗೆ ಸೋಲಾರ್, ನೆಲದೊಳಗಿನ ಶಾಖ ಬಳಸಿ ಕೋಣೆ ಬೆಚ್ಚಗಿಡುವ ವ್ಯವಸ್ಥೆ. ಮುಖ್ಯ ರಸ್ತೆಯ ಮಳೆನೀರನ್ನು ಹಿಡಿದು ಗಿಡಗಳಿಗೆ ಬಿಟ್ಟರು. ಬೀದಿದೀಪಗಳನ್ನೆಲ್ಲ ಎಲ್ಇಡಿ ಮಾಡಿದರು. ಅಮೆರಿಕದಲ್ಲಿ ಹೀಗೆ ಪೂರ್ತಿ ಎಲ್ಇಡಿಗೆ ಬಂದ ಮೊದಲ ಊರು ಅದು. ಹೊಸ ಆಸ್ಪತ್ರೆಯೂ ಪ್ಲಾಟಿನಮ್ ದರ್ಜೆಗೆ ಬಂತು. ಕ್ಯಾನ್ಸಸ್ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿದ್ಯಾರ್ಥಿಗಳು ಒಂದು ಕಲಾಕೇಂದ್ರ ಕಟ್ಟಿಕೊಟ್ಟರು, ಹೆಸರು 5.4.7, ಗಾಳಿ ಬಂದ ದಿನದ ತಾರೀಖು. ಊರಾಚೆ 1.25 ಮೆಗಾವಾಟಿನ ಹತ್ತು ಗಾಳಿ ಟರ್ಬೈನುಗಳು ನಿಂತವು, ಒಟ್ಟು 12.5 ಮೆಗಾವಾಟ್. ಊರನ್ನು ಕಿತ್ತುಕೊಂಡು ಹೋದ ಗಾಳಿಯನ್ನೇ ಹಿಡಿದು ದುಡಿಸಿಕೊಂಡರು ಅಂತ ಪತ್ರಿಕೆಗಳಿಗೆ ಒಳ್ಳೇ ತಲೆಬರಹ ಸಿಕ್ಕಿತು.

ನನಗೆ ಇವೆಲ್ಲಕ್ಕಿಂತ ಇಷ್ಟವಾಗಿದ್ದು ಯಾರೂ ಹೆಚ್ಚು ಫೋಟೋ ತೆಗೆಯದ ಒಂದು ಕಟ್ಟಡ: ಸಣ್ಣ ವ್ಯಾಪಾರಗಳಿಗೆ ಕಮ್ಮಿ ಬಾಡಿಗೆಗೆ ಜಾಗ ಕೊಡೋಕೆ ಊರಾಡಳಿತವೇ ಕಟ್ಟಿಸಿದ ಮಳಿಗೆ ಸಂಕೀರ್ಣ. ದೊಡ್ಡ ಕಂಪನಿಗಳ ದೇಣಿಗೆಯೂ ಅದಕ್ಕೆ ಬಂತು. ಅಂಗಡಿ ಕಳೆದುಕೊಂಡವನಿಗೆ ಹೊಸ ಕಟ್ಟಡ ಕಟ್ಟೋ ಶಕ್ತಿ ಇರಲ್ಲ. ಅಂಗಡಿ ಇಲ್ಲದ ಊರಿಗೆ ಜನ ಬರಲ್ಲ, ಜನ ಇಲ್ಲದ ಊರಲ್ಲಿ ಅಂಗಡಿ ನಡೆಯಲ್ಲ. ಈ ಗಂಟನ್ನು ಯಾರಾದರೂ ಒಂದು ಕಡೆಯಿಂದ ಬಿಚ್ಚಬೇಕಿತ್ತು, ಆಡಳಿತ ಬಿಚ್ಚಿತು.

ಅಧ್ಯಕ್ಷರು ಬಂದರು, ಟಿವಿಯವರು ಬಂದರು. ಗಾಳಿ ಬಂದ ಐದು ದಿನಕ್ಕೆ ಬಂದಿದ್ದ ಜಾರ್ಜ್ ಬುಷ್, ಸರಿಯಾಗಿ ಒಂದು ವರ್ಷಕ್ಕೆ ಹೈಸ್ಕೂಲಿನ ಪದವಿ ಸಮಾರಂಭಕ್ಕೆ ಮತ್ತೆ ಬಂದರು. 2009ರ ಫೆಬ್ರವರಿಯಲ್ಲಿ ಬರಾಕ್ ಒಬಾಮ ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಈ ಊರಿನ ಹೆಸರು ಹೇಳಿದರು. ನಟ ಲಿಯನಾರ್ಡೊ ಡಿಕಾಪ್ರಿಯೊ ಇದರ ಮೇಲೊಂದು ಟಿವಿ ಸರಣಿಯನ್ನೇ ನಿರ್ಮಿಸಿದರು. 2013ರಲ್ಲಿ ಹವಾಮಾನ ಬದಲಾವಣೆಗೆ ಊರುಗಳು ಹೇಗೆ ಸಜ್ಜಾಗಬೇಕು ಅಂತ ಒಬಾಮ ಒಂದು ಕಾರ್ಯಪಡೆ ಮಾಡಿದಾಗ ಅದರಲ್ಲಿ ಬಾಬ್ ಡಿಕ್ಸನ್ ಇದ್ದರು.

ಇಲ್ಲಿಗೆ ನಿಲ್ಲಿಸಿದರೆ ಇದು ಲಿಂಕ್ಡ್‌ಇನ್ನಿನಲ್ಲಿ ಹಾಕೋಕೆ ಹೇಳಿಮಾಡಿಸಿದ ಕಥೆ. ಆದರೆ 2010ರ ಜನಗಣತಿಯ ಅಂಕಿ ಹೇಳಲೇಬೇಕು: 777. ಹತ್ತು ವರ್ಷದ ಹಿಂದೆ ಇದ್ದವರಲ್ಲಿ ಅರ್ಧ.

ಆಡಳಿತ ಇಷ್ಟೆಲ್ಲ ಮಾಡಿದರೂ ಅರ್ಧ ಊರು ವಾಪಸ್ ಬರಲಿಲ್ಲ. ಕಾರಣ ಹುಡುಕೋದು ಕಷ್ಟವಲ್ಲ. ವಯಸ್ಸಾದವರು ಸಾಲ ತೀರಿಸಿದ ಹಳೇ ಮನೆಗಳಲ್ಲಿ ಇದ್ದರು. ಹಳೇ ಮನೆಗೆ ಸಿಗೋ ವಿಮೆಯ ದುಡ್ಡು ಹೊಸ ಮನೆಗೆ ಸಾಲಲ್ಲ. ಎಪ್ಪತ್ತೈದನೇ ವಯಸ್ಸಿನಲ್ಲಿ ಯಾರು ಹೊಸದಾಗಿ ಹೋಮ್ ಲೋನ್ ತಗೋತಾರೆ? ಬಾಡಿಗೆಗೆ ಇದ್ದವರಿಗೆ ಕಮ್ಮಿ ಬಾಡಿಗೆಯ ಹಳೇ ಮನೆಗಳೇ ಇಲ್ಲವಾದವು. ಊರು ಕಟ್ಟೋಕೆ ಮೂರು ವರ್ಷ ಬೇಕು, ಸಂಸಾರ ಕಾಯೋದು ಆರು ತಿಂಗಳು. ನನ್ನ ಬ್ಯಾಕಪ್ಪಿನ ಹೋಲಿಕೆ ಮುರಿದು ಬೀಳೋದೂ ಇಲ್ಲೇ. ಡೇಟಾ ಇನ್ನೊಂದು ಸರ್ವರಿನಲ್ಲಿ ನಮ್ಮ ದಾರಿ ಕಾಯುತ್ತಾ ಹಾಗೇ ಇರುತ್ತೆ. ಜನ ಹಾಗಿರಲ್ಲ. ಅವರು ಪಕ್ಕದ ಊರಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸ್ತಾರೆ, ಕೆಲಸ ಹುಡುಕ್ತಾರೆ, ಹೊಸ ಚರ್ಚಿಗೆ ಹೋಗೋಕೆ ಶುರು ಮಾಡ್ತಾರೆ.

ಹಾಗಾದರೆ ಗ್ರೀನ್ಸ್‌ಬರ್ಗ್ ಗೆದ್ದಿತೋ ಸೋತಿತೋ? ಅರ್ಧ ಖಾಲಿ ಊರಿಗೆ ಪ್ಲಾಟಿನಮ್ ಆಸ್ಪತ್ರೆ ಬೇಕಿತ್ತಾ ಅಂತ ಕೇಳೋರು ಇದ್ದಾರೆ. ಆ ಪ್ರಶ್ನೆಯನ್ನು ತಳ್ಳಿಹಾಕೋಕೆ ಆಗಲ್ಲ. ನಾನು ಮಾತ್ರ ಇನ್ನೊಂದು ಲೆಕ್ಕ ಹಾಕಿ ನೋಡಿದೆ. ಗಾಳಿಗೆ ಮೊದಲಿನ ಹತ್ತು ವರ್ಷದಲ್ಲಿ, 1990ರಿಂದ 2000ಕ್ಕೆ, ಯಾವ ಅನಾಹುತವೂ ಇಲ್ಲದೆ ಊರು ಕಳೆದುಕೊಂಡಿದ್ದು 218 ಜನರನ್ನು. ನೂರಕ್ಕೆ ಹನ್ನೆರಡು. ಊರು ಮತ್ತೆ ಕಟ್ಟಿದ ಮೇಲೆ, 2010ರಿಂದ 2020ಕ್ಕೆ, 777 ಇದ್ದದ್ದು 740 ಆಯಿತು. ಮೂವತ್ತೇಳು ಜನ ಕಮ್ಮಿ, ನೂರಕ್ಕೆ ಐದರ ಒಳಗೆ. ಹೋಗಬೇಕಾದವರೆಲ್ಲ ಆಗಲೇ ಹೋಗಿದ್ದರು, ಅದಕ್ಕೇ ನಿಂತಿತು ಅಂತ ನೀವು ಹೇಳಬಹುದು. ಇರಬಹುದು. ಆದರೆ ಇಂಥ ಏಟು ಬಿದ್ದ ಊರುಗಳಲ್ಲಿ ಉಳಿದವರೂ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡೋದು ಸಹಜ. ಇಲ್ಲಿ ಹಾಗಾಗಲಿಲ್ಲ.

ಊರಲ್ಲಿ ಇನ್ನೊಂದು ಹಳೇ ವಸ್ತು ಇದೆ. 1887-88ರಲ್ಲಿ ಕೈಯಿಂದಲೇ ತೋಡಿದ ಬಾವಿ: 109 ಅಡಿ ಆಳ, 32 ಅಡಿ ಅಗಲ. ಊರು ಹುಟ್ಟಿದ ಹೊಸದರಲ್ಲೇ, ಊರಿಗೂ ರೈಲಿಗೂ ನೀರು ಬೇಕು ಅಂತ ತೋಡಿದ್ದು. 1932ರವರೆಗೆ ಊರು ಅದರ ನೀರನ್ನೇ ಕುಡಿಯಿತು. ಇನ್ನೂ ಬಾರದ ಜನಕ್ಕೂ ಸೇರಿಸಿ ತೋಡಿದ ಬಾವಿ ಅದು. ಅಷ್ಟು ಜನ ಕೊನೆಗೂ ಬರಲಿಲ್ಲ, ಆದರೆ ಬಾವಿಯನ್ನು ಯಾರೂ ದಂಡ ಅನ್ನಲಿಲ್ಲ. ಗಾಳಿ ಬಂದಾಗ ಅದರ ಮೇಲಿದ್ದ ಕಟ್ಟಡ ಹೋಯಿತು, ಬಾವಿ ಎಲ್ಲಿಗೆ ಹೋಗುತ್ತೆ? 2012ರಲ್ಲಿ ಅದರ ಸುತ್ತ ಹೊಸ ಮ್ಯೂಸಿಯಂ ಕಟ್ಟಿ ತೆರೆದರು. ಗ್ರೀನ್ಸ್‌ಬರ್ಗ್‌ಗೆ ಹೋದವರು ಈಗಲೂ ಮೆಟ್ಟಿಲಿಳಿದು ಅದನ್ನು ನೋಡಬಹುದು.